ಒಂಬತ್ತನೇ ದಿನ ಬಾರದ ನವೇನ

ನಾಲ್ಕೂವರೆಗೆ ಏಳುತ್ತೇನೆ. ಅಲಾರಂ ಇಡುವುದಿಲ್ಲ, ಅಲಾರಂ ಇಡುವವರು ಏಳಲು ಇನ್ನೂ ಮನಸ್ಸು ಮಾಡಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಐದಕ್ಕೆ ಜಪಸರ, ಐದೂವರೆಗೆ ಕಾಫಿ, ಆರಕ್ಕೆ ಸರಿಯಾಗಿ ನಮ್ಮ ಚರ್ಚಿನ, ಅಂದರೆ ಧರ್ಮಕೇಂದ್ರದ, ಮೊಬೈಲ್ ಗುಂಪಿಗೆ 'ದಿನದ ಚಿಂತನೆ' ಕಳಿಸುವುದು. ಕೊಳ್ಳೇಗಾಲದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ಮೂವತ್ತು ವರ್ಷ ಕಳೆದವಳು ನಾನು. ನಿವೃತ್ತಿಯಾದ ಮೇಲೆ ಎಬ್ಬಿಸಲು ಹುಡುಗಿಯರಿಲ್ಲದ ಕಾರಣ ಇಡೀ ಧರ್ಮಕೇಂದ್ರವನ್ನೇ ಎಬ್ಬಿಸುವ ಕೆಲಸ ಹಿಡಿದಿದ್ದೆ. ಚಿಂತನೆ ಬರೆಯಲು ನನ್ನನ್ನು ಆರಿಸಿದ್ದು ಚಿಕ್ಕ ವಯಸ್ಸಿನ ಫಾದರ್. ನನ್ನ ಭಕ್ತಿಗೆ ಮೆಚ್ಚಿ ಅಲ್ಲ. "ನಿಮಗೆ ಟೈಮ್ ಸೆನ್ಸ್ ಇದೆ ಮೇಡಂ" ಎಂದಿದ್ದರು.

ಆ ಗುಂಪಿನ ಭಕ್ತಿಯ ಬಗ್ಗೆ ಎರಡು ಮಾತು. ನಾನು ಒಂದು ಪುಟ ಬರೆದು ಕಳಿಸಿದ ಮೂರನೇ ಸೆಕೆಂಡಿಗೆ ಯಳಂದೂರಿನ ಒಬ್ಬ ನಿವೃತ್ತ ಗುಮಾಸ್ತರಿಂದ 'ಆಮೆನ್' ಬರುತ್ತದೆ. ಅಷ್ಟರಲ್ಲಿ ಓದಿರಲು ಸಾಧ್ಯವಿಲ್ಲ; ಕನ್ನಡಕ ಹಾಕಿಕೊಳ್ಳಲೂ ಸಾಧ್ಯವಿಲ್ಲ. ಸ್ಮಶಾನದ ಕೊಳಾಯಿ ಒಡೆದಿದೆ ಎಂಬ ಸೂಚನೆಗೂ ಅವರು ಆಮೆನ್ ಎಂದವರೇ. ಹನೂರಿನ ಒಬ್ಬ ತಾಯಿ ಪ್ರತಿದಿನ ಗುಲಾಬಿ ಹೂವಿನ ಮೇಲೆ ಸೂರ್ಯ ಹುಟ್ಟುವ ಚಿತ್ರ ಹಾಕುತ್ತಾರೆ. ಇನ್ನು ಕೆಲವರ ಪ್ರಾರ್ಥನೆ ಕರೆಂಟ್ ಕೆಲಸದವನಿಗೆ ಹೇಳಿದ ಹಾಗಿರುತ್ತದೆ: ಸ್ವಾಮಿ, ಮಗನ ಇಂಟರ್‌ವ್ಯೂ ಹತ್ತು ಗಂಟೆಗೆ, ಮೂರನೇ ಮಹಡಿ, ಎಡಗಡೆ ಕೋಣೆ. ದೇವರು ದಾರಿ ತಪ್ಪಿಸಿಕೊಳ್ಳಬಾರದಲ್ಲ.

ಇವರನ್ನೆಲ್ಲ ಸರಿಪಡಿಸಬೇಕೆಂದು ನಾನು ಒಂದು ವಾರ ಪೂರ್ತಿ ನವೇನದ ಬಗ್ಗೆ ಬರೆದೆ. ಒಂದೇ ಕೋರಿಕೆ ಇಟ್ಟುಕೊಂಡು ಒಂಬತ್ತು ದಿನ ಬಿಡದೆ ಮಾಡುವ ಪ್ರಾರ್ಥನೆಯೇ ನವೇನ. ನಮ್ಮ ಜನ ಅದನ್ನು ಮಾಡುವ ರೀತಿ ನೋಡಿದರೆ ಸಂಕಟವಾಗುತ್ತದೆ. ಒಂದು ದಿನ ಬೆಳಿಗ್ಗೆ, ಮರುದಿನ ರಾತ್ರಿ, ಮೂರನೇ ದಿನ ಸೀರಿಯಲ್ ನಡುವೆ ಜಾಹೀರಾತು ಬಂದಾಗ. ಆದ್ದರಿಂದ ನಿಯಮ ಹಾಕಿದೆ. ದಿನವೂ ಅದೇ ಹೊತ್ತು, ಅದೇ ಜಾಗ. ಕೋರಿಕೆಯನ್ನು ಯಾರಿಗೂ ಹೇಳಬಾರದು, ಬೇರೆಯವರೂ ಕೇಳಬಾರದು. ಒಂದು ದಿನ ತಪ್ಪಿದರೆ ಮತ್ತೆ ಮೊದಲನೇ ದಿನದಿಂದ.

ಗುಂಪಿನಲ್ಲಿ ಇದನ್ನು ನಿಜವಾಗಿ ಪಾಲಿಸಿದವಳು ಒಬ್ಬಳೇ, ನನ್ನ ತಂಗಿ. ಕೌದಳ್ಳಿಯ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದವಳು. ಅವಳು ನನಗಿಂತ ಎಂಟು ವರ್ಷ ಚಿಕ್ಕವಳು, ಬೋರ್ಡಿಂಗ್ ಶಾಲೆಯ ಶಿಸ್ತು ಕಂಡವಳಲ್ಲ. ಆದರೂ ನನ್ನ ಚಿಂತನೆಯ ಕೆಳಗೆ ಅವಳ ವರದಿ ಬರತೊಡಗಿತು. 'ನವೇನ 1ನೇ ದಿನ ಆಯ್ತು ಅಕ್ಕ.' '2ನೇ ದಿನ.' ಏಳನೆಯದರವರೆಗೂ ಹೋಯಿತು. ಆಮೇಲೆ ಮತ್ತೆ '1ನೇ ದಿನ'. ನೆಂಟರ ಮದುವೆಯಿಂದ ಬರುವಾಗ ಬಸ್ಸು ಕೆಟ್ಟು ಹೊತ್ತು ಮೀರಿತಂತೆ. ಮತ್ತೊಂದು ಸಲ ಜ್ವರ. ಆಮೇಲೆ ನಾಲ್ಕೈದು ಸಲ ಕಾರಣ ಹೇಳಲಿಲ್ಲ. ಪ್ರತಿ ಸಲವೂ ಅವಳು ಮುಖ ಗಂಟಿಕ್ಕದೆ ಮೊದಲಿನಿಂದ ಹಿಡಿದಳು. ಉಳಿದವರಿಗೆ ಕೇಳಿಸಲಿ ಎಂದು ನಾನು ಗುಂಪಿನಲ್ಲೇ 'ಇದು ಶಿಸ್ತು' ಎಂದು ಬರೆದೆ. ಕೋರಿಕೆ ಏನೆಂದು ಕೇಳಲಿಲ್ಲ. ಕೇಳಬಾರದು ಎಂದು ಬರೆದವಳೇ ನಾನು.

ಒಂದು ಮಧ್ಯಾಹ್ನ ತಂಗಿಯ ಗಂಡ ಮನೆಗೆ ಬಂದರು. ಬೋರ್‌ವೆಲ್ ಮೋಟರನ್ನು ರಿಪೇರಿಗೆ ಕೊಟ್ಟು, ಅದು ಆಗುವವರೆಗೆ ಕೂರಲು ಬಂದದ್ದು. ಕಾಫಿ ಕೈಗೆ ತೆಗೆದುಕೊಂಡು ಕೇಳಿದರು:

"ಅಕ್ಕಾ, ನಿಮ್ ನವೇನ ಮುಗ್ಯದು ಯಾವಾಗ?"

"ನನ್ನದಲ್ಲಪ್ಪ, ಅವಳದು. ಇವತ್ತು ಐದನೇ ದಿನ."

"ಒಂಬತ್ ದಿನ ಅಂದ್ಲು. ಎಲ್ಡು ತಿಂಗ್ಳಾಯ್ತು. ನಮ್ ಕಡೆ ರಸ್ತೆ ಕೆಲ್ಸನೂ ಇದ್ಕಿಂತ ಬೇಗ ಮುಗೀತದೆ."

ನಾನು ನಕ್ಕೆ. ಅವರು ನಗಲಿಲ್ಲ. ಲೋಟವನ್ನು ನೆಲಕ್ಕಿಟ್ಟು, ನನ್ನ ಮುಖ ಬಿಟ್ಟು ಬಾಗಿಲ ಕಡೆ ನೋಡುತ್ತಾ ಹೇಳಿದರು: "ಎದೇಲಿ ಗಂಟು ಐತೆ ಕಣಕ್ಕಾ. ಎಡಗಡೆ. ನೆಲ್ಲಿಕಾಯಿ ಗಾತ್ರ. ಆಸ್ಪತ್ರೆಗೆ ಓಗವಾ ಬಾ ಅಂದ್ರೆ ನವೇನ ಮುಗೀಲಿ ಅಂತಳೆ. ಅದು ಮುಗಿಯಂಗೇ ಕಾಣೆ."

ಅವರು ಹೋದ ಕೂಡಲೇ ಫೋನ್ ಮಾಡಿದೆ. ಗಂಟಿನ ವಿಷಯ ಗಂಡ ಹೇಳಿಬಿಟ್ಟನಲ್ಲ ಎಂಬುದೇ ಅವಳಿಗೆ ದೊಡ್ಡ ಸಂಕಟ. ಗುಟ್ಟು ಹೊರಬಿದ್ದರೆ ಫಲ ಹೋಗುತ್ತದಲ್ಲ.

"ನಾಳೆನೇ ಹೊರಡು," ಎಂದೆ.

"ಇನ್ನು ನಾಕೇ ದಿನ ಕಣಕ್ಕಾ. ನೀನೇ ಬರ್ದಿದ್ದೆ, ಇರು." ನೋಟ್‌ಬುಕ್ಕಿನ ಹಾಳೆ ಮಗುಚುವ ಸದ್ದು ಕೇಳಿತು. ನನ್ನ ಚಿಂತನೆಗಳನ್ನೆಲ್ಲ ಅವಳು ಕೈಯಲ್ಲಿ ಬರೆದಿಟ್ಟುಕೊಂಡಿದ್ದಳು. ಶಾಲೆಯ ಮಕ್ಕಳ ಹಾಗೆ ರಾಗವಾಗಿ ಓದಿದಳು: "'ಕೋರಿಕೆಯನ್ನು ದೇವರ ಕೈಗೆ ಕೊಟ್ಟ ಮೇಲೆ ಮತ್ತೆ ಕಿತ್ತುಕೊಳ್ಳಬೇಡಿ. ಒಂಬತ್ತು ದಿನವೂ ಕಾಯುವುದೇ ವಿಶ್ವಾಸ.'"

ಒಂದು ಕ್ಷಣ, ಯಾರು ಬರೆದದ್ದೋ ಚೆನ್ನಾಗಿದೆ ಅನಿಸಿತು. ಮರುಕ್ಷಣ ಅದು ನನ್ನದೇ ಎಂದು ನೆನಪಾಯಿತು.

ಜಗಳ ಆಡಿದರೆ ಅವಳು ಫೋನ್ ಇಡುತ್ತಾಳೆಂದು ಗೊತ್ತಿತ್ತು. ಮರುದಿನದ ಚಿಂತನೆಯಲ್ಲೇ ಬುದ್ಧಿ ಹೇಳೋಣವೆಂದುಕೊಂಡೆ. ಅಂದಿನ ಬೈಬಲ್ ವಾಚನಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಎಳೆದು ತಂದು ಕೂರಿಸಿದೆ. ವೈದ್ಯರ ಕೈಯೂ ದೇವರ ಕೈಯೇ, ರೋಗವನ್ನು ಮುಚ್ಚಿಡುವುದು ಭಕ್ತಿಯಲ್ಲ, ಹೀಗೆ ಒಂದೂವರೆ ಪುಟ. ಮೂರನೇ ಸೆಕೆಂಡಿಗೆ ಯಳಂದೂರಿನಿಂದ ಆಮೆನ್. ಹನೂರಿನಿಂದ ಗುಲಾಬಿ. ಹತ್ತು ಗಂಟೆಗೆ ತಂಗಿಯಿಂದ: 'ಬೋ ಚಂದಾಗಿ ಬರ್ದಿದ್ದೀಯ ಅಕ್ಕ. ನವೇನ 6ನೇ ದಿನ ಆಯ್ತು.'

ಚಿಂತನೆ ಓದುವವರು ಅದು ಪಕ್ಕದ ಮನೆಯವರಿಗೆ ಬರೆದದ್ದು ಎಂದುಕೊಂಡೇ ಓದುತ್ತಾರೆ. ಬರೆಯುವವರೂ ಅಷ್ಟೆ. ಎರಡು ವರ್ಷ ಬರೆದು ನನಗೆ ಇದು ತಿಳಿದದ್ದು ಅಂದು.

ಮರುದಿನ ಆರು ಗಂಟೆಗೆ ನಾನು ಗುಂಪಿಗೆ ಏನೂ ಕಳಿಸಲಿಲ್ಲ. ತಂಗಿಯ ಊರಿಗೆಂದು, ಕೌದಳ್ಳಿಯ ಮೇಲೆ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಹನೂರು ದಾಟುವ ಹೊತ್ತಿಗೆ ಯಾರೋ 'ಇಂದು ಚಿಂತನೆ ಬಂದಿಲ್ಲ, ಮೇಡಂ ಕ್ಷೇಮವೇ?' ಎಂದು ಹಾಕಿದ್ದರು. ಅದಕ್ಕೂ ಆಮೆನ್ ಬಂದಿತ್ತು.

ಪಕ್ಕದ ಸೀಟಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೊರಟ ಒಬ್ಬ ಹೆಂಗಸು, ನನ್ನದೇ ವಯಸ್ಸು. ಹೊಟ್ಟೆಯಲ್ಲಿ ಗಡ್ಡೆಯಾಗಿ ಆಪರೇಷನ್ ಆಯಿತೆಂದೂ ಈಗ ಹರಕೆ ತೀರಿಸಲು ಹೋಗುತ್ತಿರುವುದಾಗಿಯೂ ಕೇಳದೆಯೇ ಹೇಳಿದಳು.

"ಹರಕೆ ಮೊದಲು ತೀರಿಸಬೇಕು ಅನಿಸಲಿಲ್ಲವಾ?" ಎಂದು ಕೇಳಿದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಾದಪ್ಪ ಎಲ್ಗೋದನು ಕಣವ್ವ, ಬೆಟ್ಟದ್ ಮ್ಯಾಲೇ ಇರ್ತನೆ. ಡಾಕ್ಟ್ರು ಒಂದ್ ಗಂಟ್ಗೇ ಎದ್ದೋಯ್ತರೆ."

ಎರಡು ವರ್ಷದಲ್ಲಿ ನಾನು ಕಳಿಸಿದ ಯಾವ ಚಿಂತನೆಯೂ ಇಷ್ಟು ಚಿಕ್ಕದಾಗಿಯೂ ಇರಲಿಲ್ಲ, ಇಷ್ಟು ಸರಿಯಾಗಿಯೂ ಇರಲಿಲ್ಲ.

ತಂಗಿಯ ಮನೆ ತಲುಪಿದಾಗ ಒಂಬತ್ತು ಗಂಟೆ. ಅವಳು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿ ಮೊಣಕಾಲೂರಿದ್ದಳು. ಅದೇ ಹೊತ್ತು, ಅದೇ ಜಾಗ. ನನ್ನನ್ನು ನೋಡಿದರೂ ತುಟಿ ನಿಲ್ಲಿಸಲಿಲ್ಲ. ಕೂತುಕೋ ಎಂದು ಕೈಯಲ್ಲೇ ತೋರಿಸಿದಳು. ನಾನು ಮುಂದೆ ಹೋಗಿ ಮೇಣದಬತ್ತಿ ಆರಿಸಿದೆ.

"ಅಕ್ಕಾ, ಏನ್ ಕೆಲ್ಸ ಮಾಡ್ದೆ. ಏಳ್ನೇ ದಿನ ಇವತ್ತು."

"ಗೊತ್ತು. ಏಳು, ಸೀರೆ ಬದಲಾಯಿಸು. ಹನ್ನೊಂದರ ಬಸ್ಸಿದೆ."

"ಮತ್ತೆ ಮೊದ್ಲಿಂದ ಮಾಡ್ಬೇಕಾಯ್ತದೆ."

"ಬೇಡ. ಮೊದಲಿಂದ ಮಾಡಬೇಕು ಅನ್ನೋ ನಿಯಮ ಮಾಡಿದವಳು ನಾನು."

ಅವಳು ಮೊಣಕಾಲ ಮೇಲೆಯೇ ನನ್ನ ಕಡೆ ತಿರುಗಿದಳು. "ನೀನು ಮಾಡಿದ್ದಾ? ಅದು ದೇವ್ರದ್ದಲ್ವಾ?"

ಎಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ನಾನು ಓದಿದ ಬೋರ್ಡಿಂಗಿನಲ್ಲಿ ಜಪಸರದ ನಡುವೆ ಒಬ್ಬಳು ಆಕಳಿಸಿದರೂ ಅಲ್ಲಿನ ಮದರ್ ಅರವತ್ತು ಜನರಿಂದ ಮೊದಲಿನಿಂದ ಹೇಳಿಸುತ್ತಿದ್ದರು. ಆ ನಿಯಮವನ್ನು ಅಲ್ಲಿಂದ ಹೊತ್ತು ತಂದು, ಮೂವತ್ತು ವರ್ಷ ಹಾಸ್ಟೆಲಿನ ಹುಡುಗಿಯರ ಮೇಲೆ ಹೇರಿ, ಕೊನೆಗೆ ದೇವರ ಹೆಸರಿನಲ್ಲಿ ಮೊಬೈಲಿಗೆ ಹಾಕಿದ್ದೆ. ಫಾದರನ್ನೂ ಒಂದು ಮಾತು ಕೇಳಿರಲಿಲ್ಲ.

"ದೇವರದ್ದಲ್ಲ," ಎಂದೆ. "ಬೋರ್ಡಿಂಗಿನದು."

ಬೈಯುತ್ತಾಳೆಂದುಕೊಂಡೆ. ಅವಳು ಗೋಡೆಗೆ ಒರಗಿ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚತೊಡಗಿದಳು.

"ಬಸ್ಸು ಕೆಟ್ಟಿದ್ದು ನಿಜ ಕಣಕ್ಕಾ. ಜ್ವರನೂ ನಿಜ. ಆಮೇಲಿನವೆಲ್ಲ ನಾನೇ ಬೇಕಂತ ಬುಟ್ಟಿದ್ದು. ಎಂಟ್ನೇ ದಿನ ಬತ್ತಿದ್ದಂಗೆ ಎದ್ರಿಕೆ ಆಗದು. ಒಂಬತ್ತು ಮುಗುದ್ರೆ ಆಸ್ಪತ್ರೆಗೆ ಓಗ್ಬೇಕಲ್ಲ. ಅದ್ಕೆ ಒಂದಿನ ಬುಟ್ಬುಟ್ರೆ ಮತ್ತೆ ಒಂಬತ್ ದಿನ ಸಿಕ್ತಿತ್ತು."

ಅಂದರೆ, ಗುಂಪಿನ ಮುಂದೆ ನಾನು ಶಿಸ್ತು ಎಂದು ಹೊಗಳಿದ್ದು ಅವಳ ಭಯವನ್ನು. ಭಯಕ್ಕೆ ಅಡಗಿ ಕೂರಲು ಒಂದು ಜಾಗ ಬೇಕಿತ್ತು. ನಾನು ಅಚ್ಚುಕಟ್ಟಾಗಿ ಗುಡಿಸಿ, ನಿಯಮದ ಬಾಗಿಲು ಹಾಕಿ ಕೊಟ್ಟಿದ್ದೆ.

ಹನ್ನೊಂದರ ಬಸ್ಸು ಹತ್ತಿದೆವು. ದಾರಿಯಲ್ಲಿ ಅವಳು ಮೆಲ್ಲಗೆ, "ಬಸ್ಸಲ್ಲಿ ಮಾಡಿದ್ರೆ ನಡೀತದಾ?" ಎಂದಳು. ನಡೆಯುತ್ತದೆ ಎಂದೆ. "ಕೂತ್ಕಂಡು?" ಕೂತುಕೊಂಡೂ ನಡೆಯುತ್ತದೆ. ಅವಳು ಕಿಟಕಿಗೆ ತಲೆ ಆನಿಸಿ ಅರ್ಧ ನವೇನ ಹೇಳಿ, ಉಳಿದರ್ಧ ನಿದ್ದೆ ಮಾಡಿದಳು. ನಾನು ಎಬ್ಬಿಸಲಿಲ್ಲ.

ಕೊಳ್ಳೇಗಾಲದ ಡಾಕ್ಟರು ಮುಟ್ಟಿ ನೋಡಿ ಮೈಸೂರಿಗೆ ಬರೆದುಕೊಟ್ಟರು. ಅಲ್ಲಿ ಸೂಜಿ ಹಾಕಿ ಪರೀಕ್ಷೆ ಮಾಡಿದರು. ನಾವು ಹೆದರಿದ್ದೇ ಆಗಿತ್ತು. ಆಪರೇಷನ್ ಮಾಡಬೇಕು, ಆಮೇಲೆ ಔಷಧಿ ಹತ್ತಿಸಬೇಕು ಎಂದ ಡಾಕ್ಟರಮ್ಮ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು: "ಯಾವಾಗ ಗೊತ್ತಾಯ್ತು?"

"ಎಲ್ಡು ತಿಂಗ್ಳಾಯ್ತು."

"ಇಷ್ಟು ದಿನ ಯಾಕೆ ಬರಲಿಲ್ಲ?"

"ಒಲ್ದಲ್ಲಿ ಕೆಲ್ಸ ಇತ್ತು," ಎಂದಳು ತಂಗಿ. ನನ್ನನ್ನು ಉಳಿಸಲು ಹೇಳಿದ ಸುಳ್ಳು ಅದು.

"ಹೊಲದ ಕೆಲಸ ಅಲ್ಲ," ಎಂದೆ. "ನಾನು ಕಾಯೋಕೆ ಹೇಳಿದ್ದೆ."

ಡಾಕ್ಟರಮ್ಮ ನನ್ನನ್ನು ಒಮ್ಮೆ ನೋಡಿದರು. ಬೈಯಲಿಲ್ಲ. ನನ್ನಂಥವರನ್ನು ದಿನವೂ ಕಂಡವರ ನೋಟ ಅದು. "ಮುಂದಿನ ಬುಧವಾರ ಮಾಡೋಣ" ಎಂದು ಚೀಟಿ ಬರೆದರು.

ಹೊರಗಿನ ಬೆಂಚಿನಲ್ಲಿ ಕೂತ ಮೇಲೆ ತಂಗಿ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಬುಧವಾರ ಯಾವ ಸಂತರ ಹಬ್ಬ? ನಿಂಗೆಲ್ಲ ಬಾಯಿಪಾಠ ಅಲ್ವಾ."

ನನಗೆ ಗೊತ್ತಿತ್ತು. ಬುಧವಾರ ಅವಳಿಗೆ ಗುರುತಿಲ್ಲದ ಯಾರೋ ಸಂತರು. ಅವಳು ಚಿಕ್ಕಂದಿನಿಂದ ನಂಬಿದ ಸಂತರ ಹಬ್ಬ ಅದಾದ ಹದಿನಾರನೇ ದಿನಕ್ಕೆ ಬರುತ್ತಿತ್ತು. ನಾನು ಸರಿಯಾಗಿ ಉತ್ತರ ಕೊಟ್ಟರೆ ಅವಳ ಬಾಯಿಂದ ಮುಂದೆ ಬರುವ ಮಾತೂ ಗೊತ್ತಿತ್ತು: ಆ ಹಬ್ಬದವರೆಗೆ ಕಾಯೋಣ.

"ಈ ತಿಂಗಳು ಪೂರ್ತಿ ಯಾರ ಹಬ್ಬವೂ ಇಲ್ಲ," ಎಂದೆ. "ಅದು ಬರೀ ಬುಧವಾರ."

ಅವಳು ನಂಬಿದಳೋ, ನಂಬಿದ ಹಾಗೆ ಮಾಡಿದಳೋ, ಬುಧವಾರ ಏಳು ಗಂಟೆಗೆ ಸ್ಟ್ರೆಚರಿನ ಮೇಲೆ ಮಲಗಿದಳು. ಈಗ ಔಷಧಿ ನಡೆಯುತ್ತಿದೆ, ತಲೆಯಲ್ಲಿ ಕೂದಲಿಲ್ಲ, ಗಂಡನ ಮೇಲೆ ರೇಗುವಷ್ಟು ಶಕ್ತಿ ಇದೆ. ಐದು ವರ್ಷ ನೋಡಬೇಕು ಎನ್ನುತ್ತಾರೆ. ಸಂತರ ಹಬ್ಬಗಳ ಬಗ್ಗೆ ನಾನು ಹೇಳಿದ ಸುಳ್ಳನ್ನು ಫಾದರ್ ಮುಂದೆ ಪಾಪನಿವೇದನೆಯಲ್ಲಿ ಇನ್ನೂ ಹೇಳಿಲ್ಲ. ಹೇಳಬೇಕಾದರೆ ಅದಕ್ಕೆ ಪಶ್ಚಾತ್ತಾಪ ಪಡಬೇಕು. ಅದು ನನ್ನಿಂದ ಆಗುತ್ತಿಲ್ಲ.