ತಾಳಿ ಕಾಣದ ಕ್ಯಾಸೆಟ್ಟು

ಕಾಕಾನ ಬಲಹೆಗಲು ಎಡಹೆಗಲಿಗಿಂತ ಒಂದು ಬೆರಳಷ್ಟು ಇಳಿದಿತ್ತು. ಕ್ಯಾಮೆರಾ ಕೆಳಗಿಟ್ಟಾಗಲೂ ಅದು ಮೇಲೇಳುತ್ತಿರಲಿಲ್ಲ. ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಊಟಕ್ಕೆ ಕೂತರೆ ರೊಟ್ಟಿಯನ್ನೂ ಒಂದೇ ಕಣ್ಣಿನಿಂದ ನೋಡುತ್ತಾರೆಂದು ಅವರ ಹೆಂಡತಿ ನಗಾಡುತ್ತಿದ್ದರು.

ಆಳಂದದಲ್ಲಿ ನಮ್ಮ ಮನೆಯ ಎದುರಿಗೇ ಅವರ ಸ್ಟುಡಿಯೋ. ನನ್ನ ಅಪ್ಪನನ್ನು ಅವರು ಅಣ್ಣಾ ಎನ್ನುತ್ತಿದ್ದರು. ಹಾಗಾಗಿ ಅವ್ವ ಅವರಿಗೆ ವೈನಿ, ಅವರು ನನಗೆ ಕಾಕಾ. ಅಪ್ಪ ತೀರಿಕೊಂಡ ಮೇಲೂ ಈ ಬಳಕೆ ತಪ್ಪಲಿಲ್ಲ.

ತೊಂಬತ್ತರ ಸುಮಾರಿಗೆ ಕಾಕಾ ಸೊಲ್ಲಾಪುರದಿಂದ ವಿಡಿಯೋ ಕ್ಯಾಮೆರಾ ತಂದರು. ಮೊದಲ ಮದುವೆಯಲ್ಲಿ ಜೂಮ್ ಗುಂಡಿಯಿಂದ ಬೆರಳನ್ನೇ ತೆಗೆಯಲಿಲ್ಲವಂತೆ. ನೋಡಲು ಕೂತ ಬೀಗರಿಗೆ ಜೋಕಾಲಿಯಲ್ಲಿ ಕೂತಂತಾಗಿ ತಲೆ ತಿರುಗಿತ್ತು. ಇದನ್ನು ಅವರೇ ಎಲ್ಲರಿಗೂ ಹೇಳಿ ನಗುತ್ತಿದ್ದರು. ಆಮೇಲೆ ಅವರ ಕ್ಯಾಮೆರಾ ಕಂಬದ ಹಾಗೆ ನಿಂತಿತು.

ಹೆಣ್ಣುಮಕ್ಕಳು ಅರಿಶಿನ ಹಚ್ಚುವ ಕೋಣೆಗೆ ಅವರು ಹೋಗುವಂತಿರಲಿಲ್ಲ. ಬಿ.ಎ. ಮುಗಿಸಿ, ವರ ಸಿಗುವ ತನಕ ಮನೆಯಲ್ಲಿ ಕೂತಿದ್ದ ನಾನು ಅವರ ಕಣ್ಣಿಗೆ ಬಿದ್ದೆ. "ವೈನಿ, ಈಕಿ ಮನ್ಯಾಗ ಕುಂತು ಏನ್ ಮಾಡ್ತಾಳ್ರಿ? ನನ್ನ ಕೂಡ ಕಳಸ್ರಿ," ಎಂದರು. ಅವ್ವ ಕಳಿಸಿದಳು.

"ಮದಲ ಬಿಳಿದು ತೋರಿಸ್ಬೇಕು," ಎಂದು ಯಾರಾದರೂ ಹಿರಿಯರ ಮುಂದೆ ನಿಂತು ಅವರ ಧೋತರಕ್ಕೆ ಕ್ಯಾಮೆರಾ ಹಿಡಿಯುತ್ತಿದ್ದರು. ಬಿಳುಪು ಗೊತ್ತಾದರೆ ಉಳಿದ ಬಣ್ಣಗಳೂ ಸರಿಯಾಗಿ ಬರುತ್ತವೆ. ಹಿರಿಯರು ಮಾತ್ರ ತಮ್ಮ ಧೋತರಕ್ಕೆ ಏನಾಗಿದೆಯೋ ಎಂದು ಗಾಬರಿಯಿಂದ ಬಗ್ಗಿ ನೋಡಿಕೊಳ್ಳುತ್ತಿದ್ದರು. ಇನ್ನೊಂದು ಪದ್ಧತಿ, ಗುಂಡಿ ಒತ್ತಿದ ಮೇಲೆ ಬಾಯೊಳಗೇ ಐದು ಸಲ 'ಓಂ ನಮಃ ಶಿವಾಯ' ಅನ್ನುವುದು. ಅದು ಮುಗಿಯುವ ತನಕ ಕ್ಯಾಮೆರಾ ಅಲುಗಾಡಬಾರದು. ಅವರ ಬಾಯಿಯ ಪಕ್ಕದಲ್ಲೇ ಮೈಕು ಇದ್ದದ್ದರಿಂದ ನಮ್ಮ ಸೀಮೆಯ ಮದುವೆ ಕ್ಯಾಸೆಟ್ಟುಗಳಲ್ಲೆಲ್ಲ, ಬಾಜಾಬಜಂತ್ರಿಯ ಅಡಿಯಲ್ಲಿ, ಒಂದು ಗೊಣಗು ಕೇಳುತ್ತಿತ್ತು. ಇದು ಯಾರ ದನಿ ಎಂದು ಭೂಸನೂರಿನವರೊಬ್ಬರು ಕೇಳಲು ಬಂದರೆ, "ಶಿವಾನೇ ಬಂದು ಆಶೀರ್ವಾದ ಮಾಡ್ಯಾನ ಅಂತ ತಿಳ್ಕೋರಿ," ಎಂದು ಚಹಾ ಕುಡಿಸಿ ಕಳಿಸಿದರು.

ನಿಂಬರ್ಗಾದ ಒಂದು ಮದುವೆಯಲ್ಲಿ ನಾನು ಬಿಸಿಲಿನ ಅಂಗಳದಿಂದ ಒಳಕೋಣೆಗೆ ಕ್ಯಾಮೆರಾ ತಿರುಗಿಸಿದೆ. ಕ್ಯಾಮೆರಾದ ಕಿಂಡಿಯಲ್ಲಿ ಬರೀ ಕಪ್ಪು. ಹೆದರಿ ಮತ್ತೆ ಬಿಸಿಲಿಗೇ ತಿರುಗಿಸಿಬಿಟ್ಟೆ. ಬಾಗಿಲಾಚೆ ನಿಂತಿದ್ದ ಕಾಕಾ ಸಿಟ್ಟು ಮಾಡಲಿಲ್ಲ.

"ಬಿಸಲಾಗಿಂದ ಒಳಗ ಬಂದ್ರ ನಿನಗ ಜಲ್ದಿ ಕಾಣ್ತದೇನ್ ಬೇ? ಅದಕ್ಕೂ ಹಂಗ. ಕತ್ತಲಿಗೆ ತಿರುಗಿಸಿದ್ರ ತಡೀಬೇಕು. ಮಾರಿ ತಾನೇ ಬರ್ತದ."

ತಡೆದೆ. ಮೊದಲು ಬಳೆಗಳು, ಆಮೇಲೆ ಕೈಗಳು, ಕೊನೆಗೆ ಮದುಮಗಳ ಮುಖ ಬಂತು.

ನನ್ನ ಮದುವೆ ಅಫಜಲಪುರದವರ ಜೊತೆ ಗೊತ್ತಾಯಿತು. ಹಂದರ ನಮ್ಮ ಮನೆಯ ಮುಂದೆಯೇ. ಅವ್ವ ಅಕ್ಕಿಕಾಳಿನ, ಅಂದರೆ ಅಕ್ಷತೆಯ, ಹೊತ್ತಿಗೆ ಹಂದರಕ್ಕೆ ಬರಬಾರದು, ಒಳಗೇ ಇರಲಿ ಎಂದು ಮದುವೆಯ ಹಿಂದಿನ ದಿನ ದೊಡ್ಡಪ್ಪ ತೀರ್ಮಾನಿಸಿದ. ಗಂಡ ಸತ್ತವಳು ಎಂಬುದೊಂದೇ ಕಾರಣ. ಬಸವಣ್ಣನ ಫೋಟೋ ಗೋಡೆಯ ಮೇಲೆ ಇತ್ತು, ಮಾತು ಅದರ ಕೆಳಗೇ ನಡೆಯಿತು. ಅವ್ವ ಎದ್ದು ಒಳಗೆ ಹೋದಳು. ನಾನು ಎದುರುಮನೆಗೆ ಹೋಗಿ ಕಾಕಾನ ಮುಂದೆ ಅತ್ತೆ.

"ಅವ್ವ ಇಲ್ಲದ ಮದಿವಿ ನನಗ ಬ್ಯಾಡ ಕಾಕಾ."

ಅವರು ಲೆನ್ಸು ಒರೆಸುತ್ತಾ, "ನಾಳಿ ನೀ ಮಾತ್ರ ಕ್ಯಾಮೆರಾದ ಕಡಿ ನೋಡಬ್ಯಾಡ. ಮದುಮಗಳು ಕ್ಯಾಮೆರಾ ನೋಡಿದ್ರ ಎಲ್ಲಾ ಸತ್ಯಾನಾಸ," ಎಂದರು. ಅಷ್ಟೇ. ಇಂಥ ಹೊತ್ತಿನಲ್ಲೂ ಅವರದೇ ಕಸುಬಿನ ಚಿಂತೆ ಎಂದು ನನಗೆ ಬೇಜಾರಾಯಿತು.

ಮದುವೆಯಾಗಿ ಕೆಲವು ವಾರಕ್ಕೆ ಕ್ಯಾಸೆಟ್ಟು ತಂದುಕೊಂಡು ಅವರೇ ಅಫಜಲಪುರಕ್ಕೆ ಬಂದರು. ಕ್ಯಾಸೆಟ್ಟನ್ನು ಮನೆಯವರ ಜೊತೆ ಕೂತು ನೋಡಿಯೇ ಹೋಗುವುದು ಅವರ ರೂಢಿ. ಪಡಸಾಲೆ ತುಂಬ ಜನ. 'ಶುಭಮಂಗಳ ಸಾವಧಾನ' ಕೇಳಿಸಿತು, ನನ್ನ ಗಂಡನ ಕೈ ತಾಳಿ ಎತ್ತಿತು. ಅಷ್ಟರಲ್ಲೇ ಚಿತ್ರ ಗಿರ್ರನೆ ತಿರುಗಿ ಕಪ್ಪಾಯಿತು.

"ಕರೆಂಟ್ ಹೋತೇನ್ರಿ?" ಎಂದು ಯಾರೋ ಕೇಳಿದರು. ಮೈದುನ ಟಿವಿಯ ತಲೆಯ ಮೇಲೆ ಒಂದು ಕೊಟ್ಟ.

ಕತ್ತಲಲ್ಲಿ ಗೊಣಗು ಮಾತ್ರ ನಡೆದಿತ್ತು. ಓಂ ನಮಃ ಶಿವಾಯ. ಓಂ ನಮಃ ಶಿವಾಯ. ಮೆಲ್ಲಗೆ ನಮ್ಮ ಮನೆಯ ಬಾಗಿಲ ಚೌಕಟ್ಟು ಕಂಡಿತು. ಆಮೇಲೆ ಸೆರಗು. ಆಮೇಲೆ ಅವ್ವ. ಹೊಸ್ತಿಲೊಳಗೆ ನಿಂತಿದ್ದಾಳೆ, ಮುಷ್ಟಿಯಲ್ಲಿ ಅಕ್ಕಿಕಾಳು, ಹಾಕಲೋ ಬೇಡವೋ ಎಂಬ ಮುಖ. ಗೊಣಗು ನಿಂತಿತು. ಕ್ಯಾಸೆಟ್ಟಿನಲ್ಲಿ ಕಾಕಾ ಮಾತಾಡಿದರು: "ವೈನಿ, ಹಾಕ್ರಿ. ಮಗಳಲ್ಲೇನ್ರಿ?"

ಅವ್ವ ಕೈ ಎತ್ತಿ ಹಾಕಿದಳು. ನಾಲ್ಕು ಕಾಳು ಕ್ಯಾಮೆರಾಕ್ಕೇ ಬಡಿದವು. ಚಿತ್ರ ಹಂದರಕ್ಕೆ ಮರಳಿದಾಗ ತಾಳಿ ಕಟ್ಟಿ ಮುಗಿದಿತ್ತು.

"ತಾಳಿ ಕಟ್ಟಿದ್ದೇ ಇಲ್ಲಲ್ರಿ ಇದರಾಗ!" ಅತ್ತೆಯವರ ದನಿ ಏರಿತು.

ಕಾಕಾ ಚಹಾದ ಬಟ್ಟಲು ಕೆಳಗಿಟ್ಟರು. "ತಾಳಿ ಆಕಿ ಕೊಳ್ಳಾಗೇ ಅದಲ್ರಿ ಅಕ್ಕಾರ, ಬೇಕಾದಾಗ ನೋಡ್ರಿ. ಆಕಿ ಅವ್ವ ಅಕ್ಕಿಕಾಳು ಹಾಕಿದ್ದು ಮತ್ತ ಎಲ್ಲಿ ಸಿಗ್ತದ್ರಿ?"

ನಾನು ಬಿಕ್ಕಿ ಅಳುತ್ತಿದ್ದೆ. ಕೊನೆಗೆ ಅತ್ತೆಯವರೇ, "ಹಿಂದಕ ತಿರುಗಸ್ರಿ. ಬೀಗ್ತಿನ್ನ ಮತ್ತೊಮ್ಮಿ ನೋಡೋಣು," ಎಂದರು.

ಅವ್ವ ಮೂರು ವರ್ಷಕ್ಕೆ ತೀರಿಕೊಂಡಳು. ಅವಳು ಕೈ ಎತ್ತುವುದು, ಕಣ್ಣು ಮಿಟುಕಿಸುವುದು ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಈ ಋಣವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ?

ಮರುವರ್ಷ ಕಾಕಾ ಹೋದ ಸುದ್ದಿ ಬಂದು ಆಳಂದಕ್ಕೆ ಓಡಿದೆ. ಅವರನ್ನು ಒಳಪಡಸಾಲೆಯಲ್ಲಿ ವಿಭೂತಿ ಹಚ್ಚಿ ಕೂಡಿಸಿದ್ದರು. ಅಂಗಳದ ಬಿಸಿಲಲ್ಲಿ ಅವರ ಮಗ ಅದೇ ಕ್ಯಾಮೆರಾ ಹಿಡಿದು ಅಳುತ್ತಿದ್ದ. ಅಪ್ಪನ ಕಡೆ ತಿರುಗಿಸುವುದು, ಕಪ್ಪು ಕಂಡ ಕೂಡಲೇ ಈಚೆಗೆ ತೆಗೆಯುವುದು.

"ಇಲ್ಲಿ ಕೊಡಪ್ಪ," ಎಂದು ನಾನು ಇಸಿದುಕೊಂಡೆ. ಹೆಗಲಿಗೇರಿಸಿ ಕತ್ತಲಿಗೆ ತಿರುಗಿಸಿ ನಿಂತೆ. ಏನೂ ಕಾಣಲಿಲ್ಲ. ಬಾಯೊಳಗೇ ಓಂ ನಮಃ ಶಿವಾಯ ಎನ್ನುತ್ತಾ ತಡೆದೆ. ಹೂವಿನ ಹಾರ ಬಂತು, ಹಣೆಯ ವಿಭೂತಿ ಬಂತು, ಮುಖ ಬಂತು. ಬಲಹೆಗಲು ಆಗಲೂ ಒಂದು ಬೆರಳಷ್ಟು ಇಳಿದೇ ಇತ್ತು. ಐದು ಸಲ ಮುಗಿದು ಹೋಯಿತು. ನಾನು ಕ್ಯಾಮೆರಾ ಇಳಿಸಲಿಲ್ಲ.