ಮೂರು ದಿನದ ಪಥ್ಯ

ನನಗೆ ಶುಗರ್ ಇದೆ, ಬಿ.ಪಿ. ಇದೆ, ಥೈರಾಯ್ಡ್ ಇದೆ, ಮಂಡಿ ಸವೆದಿದೆ. ಇಷ್ಟೂ ಸಾಲದೆಂದು ಈಗ ಎದೆಯೂ ಸರದಿಯಲ್ಲಿ ಬಂದು ನಿಂತಿತು. ಹೊಳೆನರಸೀಪುರದ ಸಂತೆಯಿಂದ ಸೊಪ್ಪಿನ ಚೀಲ ಹಿಡಿದು ಬರುವಾಗ ಎದೆಯ ನಡುವೆ ಯಾರೋ ಅಂಗೈ ಊರಿ ಒತ್ತಿದಂತಾಯಿತು, ದವಡೆ ಸೆಳೆಯಿತು, ರವಿಕೆ ಬೆವರಿನಲ್ಲಿ ನೆನೆಯಿತು. ಅಂಗಡಿಯೊಂದರ ಜಗಲಿಯ ಮೇಲೆ ಕುಳಿತೆ, ಕಡಿಮೆಯಾಯಿತು. ಮನೆಗೆ ಬಂದು ಓಮದ ನೀರು ಕುಡಿದು ‘ಗ್ಯಾಸು’ ಅಂದೆ. ನಮ್ಮ ಕಡೆ ಎದೆಯೊಳಗೆ ಏನೇ ಆದರೂ ಅದಕ್ಕೆ ಮೊದಲು ಇಡುವ ಹೆಸರು ಗ್ಯಾಸೇ. ಅದೇ ವಾರ ಮತ್ತೆ ಎರಡು ಸಲ ಹಾಗಾದ ಮೇಲೆ ಯಜಮಾನರು ಬಿಡಲಿಲ್ಲ, ಹಾಸನಕ್ಕೆ, ಹೃದಯದ ಡಾಕ್ಟರ ಬಳಿಗೆ ಕರೆದುಕೊಂಡು ಹೊರಟರು.

ಬಸ್ಸಿನಲ್ಲಿ ಕುಳಿತಾಗ ನನಗೆ ಎದೆಗಿಂತ ಹೆಚ್ಚು ಹೆದರಿಕೆ ಇದ್ದದ್ದು ಬೇರೊಂದರ ಬಗ್ಗೆ. ಈ ಸಲ ಪಥ್ಯ ಮಾಡಲು ಮೂರು ದಿನ ಸಿಕ್ಕಿರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ನಾನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಿಯಾದವಳು. ಶಾಲೆಗೆ ಇನ್‌ಸ್ಪೆಕ್ಟರು ಬರುವ ಸುದ್ದಿ ಸಿಕ್ಕರೆ ಮೂರು ದಿನ ಮೊದಲೇ ಗೋಡೆಗೆ ಚಾರ್ಟು ಏರುತ್ತಿತ್ತು, ಅವರು ಕೇಳಬಹುದಾದ ಮಗ್ಗಿಯನ್ನೇ ಮಕ್ಕಳಿಂದ ಉರು ಹೊಡೆಸುತ್ತಿದ್ದೆವು, ಬಂದವರು ‘ಉತ್ತಮ’ ಎಂದು ಬರೆದು ಹೋಗುತ್ತಿದ್ದರು. ಶುಗರ್ ಬಂದಾಗಲೂ ಅದೇ ಬುದ್ಧಿ ಓಡಿಸಿದೆ. ನಮ್ಮೂರಿನ ಹಳೆಯ ಡಾಕ್ಟರು ಮೂರು ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯ ರಕ್ತ ನೋಡುತ್ತಿದ್ದರು. ಮೂರು ದಿನ ಮೊದಲು ಅನ್ನ ಬಂದ್, ಮುದ್ದೆ ಅರ್ಧ, ಹಾಗಲಕಾಯಿ ರಸ, ಎರಡು ಹೊತ್ತು ನಡಿಗೆ, ಮರೆತೇಹೋಗುತ್ತಿದ್ದ ಮಾತ್ರೆಗಳೆಲ್ಲ ಸರಿಯಾದ ಹೊತ್ತಿಗೆ. ರಿಪೋರ್ಟು ಚೆನ್ನಾಗಿ ಬರುತ್ತಿತ್ತು. ‘ಟೀಚರಮ್ಮನ್ನ ನೋಡಿ ಕಲೀರಿ’ ಎಂದು ಡಾಕ್ಟರು ಬೇರೆ ರೋಗಿಗಳ ಮುಂದೆ ಹೇಳುತ್ತಿದ್ದರು. ನಾನು ಉಬ್ಬಿಹೋಗಿ ದಾರಿಯಲ್ಲೇ ಮೈಸೂರುಪಾಕು ಕಟ್ಟಿಸಿಕೊಂಡು ಬರುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹಗಲೆಲ್ಲ ತೆಂಗಿನಕಾಯಿ ಮಂಡಿಯಲ್ಲಿರುತ್ತಿದ್ದ ಯಜಮಾನರಿಗೆ ಇದಾವುದೂ ತಿಳಿಯುತ್ತಿರಲಿಲ್ಲ. ಮಂಡಿನೋವಿಗಂತೂ ಔಷಧಿ ಅಂಗಡಿಯಿಂದ ನಾನೇ ಮಾತ್ರೆ ತಂದು ನುಂಗುತ್ತಿದ್ದೆ, ಅದನ್ನು ಯಾರಿಗೂ ಹೇಳಿದ್ದೇ ಇಲ್ಲ.

ನನ್ನ ಪಾಡಿಗೆ ನಾನು ಮಾಡಿಕೊಂಡಿದ್ದರೆ ಬೇರೆ ಮಾತು. ಚನ್ನರಾಯಪಟ್ಟಣದಲ್ಲಿರುವ ತಂಗಿಗೂ ಶುಗರ್ ಬಂತು. ಡಾಕ್ಟರು ಬೈದರೆಂದು ಅವಳು ಅತ್ತುಕೊಂಡು ಫೋನ್ ಮಾಡಿದಾಗ, ‘ಅಯ್ಯೋ ಪೆದ್ದಿ, ಅದಕ್ಯಾಕೆ ಅಳ್ತೀಯ’ ಎಂದು ಈ ವಿದ್ಯೆಯನ್ನು ಅವಳಿಗೂ ಕಲಿಸಿದೆ.

ಹಾಸನದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಇ.ಸಿ.ಜಿ. ನೋಡಿ ಹುಬ್ಬು ಗಂಟಿಕ್ಕಿದರು. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡೋಣವೆಂದರೆ ನನ್ನ ಮಂಡಿ ಒಪ್ಪದು. ರಕ್ತದ ರಿಪೋರ್ಟು ಬಂದ ಮೇಲೆ ಅದನ್ನೂ ನನ್ನ ಹಳೆಯ ಫೈಲನ್ನೂ ಅಕ್ಕಪಕ್ಕ ಇಟ್ಟುಕೊಂಡರು.

“ಅಮ್ಮಾ, ಇದು ಮೂರು ತಿಂಗಳ ಸಕ್ಕರೆ ಹೇಗಿತ್ತು ಅಂತ ಹೇಳೋ ಪರೀಕ್ಷೆ. ತುಂಬಾ ಜಾಸ್ತಿ ಇದೆ. ಫೈಲಲ್ಲಿ ನೋಡಿದ್ರೆ ಇಷ್ಟು ವರ್ಷದಿಂದ ಎಲ್ಲಾ ಸರಿಯಾಗಿದೆ. ಹೇಗೆ ಇದು?”

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಸಿಡಿದರು. “ಲ್ಯಾಬ್‌ನೋರು ಬೇರೆ ಯಾರ್ದೋ ರಕ್ತ ಇಟ್ಟವ್ರೆ ಮೇಡಂ. ನಮ್ಮೋಳು ಪಥ್ಯ ಅಂದ್ರೆ ಪಥ್ಯ.”

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹೌದು, ಲ್ಯಾಬಿನದೇ ತಪ್ಪು ಎಂದುಬಿಡೋಣ ಅನಿಸಿತು. ಅಷ್ಟರಲ್ಲಿ ಯಜಮಾನರು ಮತ್ತೆ ರಕ್ತ ಕೊಡಿಸಲು ನನ್ನ ಕೈ ಹಿಡಿದು ಎಬ್ಬಿಸಿದರು. ಲ್ಯಾಬಿಗೆ ಕಟ್ಟಲು ಜೇಬಿನಿಂದ ದುಡ್ಡೂ ತೆಗೆದರು. ಇನ್ನು ತಡೆಯಲಾಗಲಿಲ್ಲ. ಎಲ್ಲಾ ಹೇಳಿದೆ, ಮಂಡಿಯ ಮಾತ್ರೆಯನ್ನೂ ಸೇರಿಸಿ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ನಿಮ್ಮೂರ ಡಾಕ್ಟರು ಈ ಹಳೇ ರಿಪೋರ್ಟನ್ನೇ ನಂಬಿ ಮಾತ್ರೆ ಕಮ್ಮಿ ಇಟ್ಟಿದಾರೆ. ರಕ್ತನಾಳ ಕಟ್ಟಿರೋ ಅನುಮಾನ ಇದೆ, ಆಂಜಿಯೋಗ್ರಾಂ ಮಾಡದೆ ಹೇಳಕ್ಕಾಗಲ್ಲ. ಆ ನೋವಿನ ಮಾತ್ರೆ ಇವತ್ತೇ ನಿಲ್ಸಿ, ಅದು ಕಿಡ್ನಿಗೆ ಕೆಟ್ಟದ್ದು. ಕಿಡ್ನಿ ಹೇಗಿದೆ ನೋಡ್ಕೊಂಡು ಸೋಮವಾರ ಮಾಡೋಣ” ಎಂದರು.

ಯಜಮಾನರು ಹೊರಗೆ ಬಂದು ಬೆಂಚಿನ ಮೇಲೆ ಕುಳಿತರು. “ಮನೇಲಿ ನಾನೊಬ್ಬ ಇದ್ನಲ್ಲ, ನಂಗಾದ್ರೂ ಏಳ್ಬಾರ್ದಿತ್ತಾ” ಎಂದರು. ಅಷ್ಟೇ. ಇಷ್ಟು ವರ್ಷ ಡಾಕ್ಟರ ಕಣ್ಣಿಗೆ ಮಣ್ಣೆರಚಿದೆನೆಂದು ಒಳಗೊಳಗೇ ಹಿಗ್ಗುತ್ತಿದ್ದೆನಲ್ಲ, ಥೂ ನನ್ನ ಜನ್ಮಕ್ಕೆ.

ಅದೇ ಬೆಂಚಿನಿಂದ ತಂಗಿಗೆ ಫೋನ್ ಮಾಡಿದೆ. ನಾನು ವಿಷಯ ಎತ್ತುವ ಮೊದಲೇ ಅವಳು, “ಅಕ್ಕಾ, ನೆನ್ನೆ ರಿಪೋರ್ಟ್ ಬಂತು ಕಣಕ್ಕ, ಎಲ್ಲಾ ಸರಿಯಾಗೈತಂತೆ. ಡಾಕ್ಟ್ರು ಒಂದು ಮಾತ್ರೇನೇ ಬಿಡಿಸ್ಬುಟ್ರು!” ಎಂದಳು. “ಎಡಗಾಲೊಂದು ಜುಮ್ ಅಂತದೆ ಅಷ್ಟೆ. ಮೊನ್ನೆ ಚಪ್ಲಿ ಕಳಚ್ಕಂಡು ಬಿದ್ದೋಗೈತೆ, ಬೀದಿ ಕೊನೇಗಂಟ ಬರಿಗಾಲಲ್ಲೇ ಓಗಿವ್ನಿ, ಗೊತ್ತೇ ಆಗಿಲ್ಲ ನೋಡು” ಎಂದು ನಕ್ಕಳು.

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಹೇಳಿಕೊಟ್ಟದ್ದು ತಪ್ಪಾಯಿತೆಂದು ಒಂದು ಮಗುವಿನ ಮುಂದೆಯೂ ಒಪ್ಪಿಕೊಂಡವಳಲ್ಲ.

“ನಾನು ಹೇಳ್ಕೊಟ್ಟಿದ್ದು ತಪ್ಪು ಕಣೇ” ಅಂದೆ. “ಆ ರಿಪೋರ್ಟ್ ಸುಳ್ಳು. ನನ್ ಎದೆ ಕೆಟ್ಟಿರ್ಬೋದು ಅಂತವ್ರೆ. ಇವತ್ತೇ ನಿಮ್ ಡಾಕ್ಟ್ರ ಹತ್ರ ಹೋಗಿ ನಿಜ ಹೇಳು, ಕಾಲು ತೋರ್ಸು.”

ಅವಳ ನಗು ಅಲ್ಲಿಗೇ ನಿಂತಿತು.

“ಅಯ್ಯೋ, ಈಗೇನ್ ಮಾಡ್ಲಕ್ಕಾ” ಎಂದಳು. “ನಮ್ ಮಹಿಳಾ ಸಂಘದಲ್ಲಿ ಶುಗರ್ ಇರೋರ್ಗೆಲ್ಲಾ ಇದ್ನೇ ಏಳ್ಕೊಟ್ಟಿವ್ನಲ್ಲಕ್ಕಾ. ನಮ್ಮಕ್ಕ ಟೀಚರ್ರು, ಅವ್ಳು ಏಳಿದ್ದು ಸುಳ್ಳಾಗಕಿಲ್ಲ ಅಂತ.”