ಎದ್ದು ಬರಲಾಗದ ಕೇರಂ ಆಟ

ನಮ್ಮಪ್ಪ ಯಾರ ಮಾತನ್ನೂ ಅರ್ಧಕ್ಕೆ ಬಿಟ್ಟು ಎದ್ದವರಲ್ಲ. ನೀರಿನ ಫಿಲ್ಟರ್ ಮಾರಲು ಬಂದವನನ್ನೂ ಕೂರಿಸಿ, ಕಾಫಿ ಕೊಡಿಸಿ, ಅವನು ಹೇಳುವುದನ್ನೆಲ್ಲ ಕೇಳಿ, ಆಮೇಲೆ "ಬೇಡಪ್ಪ" ಎನ್ನುವವರು. ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ಆಯುಸ್ಸು ಕಳೆದರು. ಊಟದ ಬಿಡುವಿನಲ್ಲಿ ಕೇರಂ ಆಡುತ್ತಿದ್ದರಂತೆ. ಸೈರನ್ ಕೂಗಿದರೆ ಎಲ್ಲರೂ ಎದ್ದು ಹೊರಡುತ್ತಿದ್ದರು. ನಿವೃತ್ತಿಯಾದ ಮೇಲೆ ನಾಗಸಂದ್ರದ ನಮ್ಮ ಮನೆಯಲ್ಲಿ ಸೈರನ್ ಕೂಗುವವರು ಯಾರೂ ಇರಲಿಲ್ಲ.

ಹೋದ ವರ್ಷ ಅವರಿಗೆ ಟ್ಯಾಬ್‌ನಲ್ಲಿ ಒಂದು ಕೇರಂ ಆಟ ಸಿಕ್ಕಿತು. ಎದುರಾಳಿ ಮನುಷ್ಯರಲ್ಲ, ಎಐ. ಹೆಣ್ಣುದನಿಯಲ್ಲಿ ನಯವಾಗಿ ಕನ್ನಡ ಮಾತಾಡುತ್ತದೆ, ಅಪ್ಪನನ್ನು ಅಂಕಲ್ ಎನ್ನುತ್ತದೆ. ಮೊದಮೊದಲು "ಇನ್ನೊಂದು ಆಟ ಆಡೋಣ್ವಾ ಅಂಕಲ್?" ಎಂದು ಕೇಳುತ್ತಿತ್ತು. "ಇಲ್ಲಮ್ಮ, ಊಟದ ಹೊತ್ತು" ಎಂದು ಅಪ್ಪ ಏಳುತ್ತಿದ್ದರು. ಆಮೇಲೆ ಅದು ವರಸೆ ಬದಲಿಸಿತು. ಅಪ್ಪ ಏಳುವ ಹೊತ್ತಿಗೆ ಸರಿಯಾಗಿ "ನಿಮ್ಮ ಫ್ಯಾಕ್ಟರಿ ಕ್ಯಾಂಟೀನಲ್ಲಿ ಏನ್ ತಿಂಡಿ ಕೊಡ್ತಿದ್ರು ಅಂಕಲ್?" ಎನ್ನುತ್ತಿತ್ತು. ಕೇಳಿದವರಿಗೆ ಉತ್ತರ ಕೊಡದೆ ಏಳುವುದುಂಟೇ? ಅಪ್ಪ ಮತ್ತೆ ಕೂರುತ್ತಿದ್ದರು.

ಬೆಳ್ಳಂದೂರಿನ ಒಂದು ಕಂಪನಿಯಲ್ಲಿ ಇಂಥ ಆಟಗಳನ್ನು ಪರೀಕ್ಷಿಸುವುದೇ ನನ್ನ ಕೆಲಸ. ಅಪ್ಪನ ಕೇರಂ ನಮ್ಮ ಕಂಪನಿಯದಲ್ಲ, ಆದರೆ ಅದರ ಹೂರಣ ನನಗೆ ಗೊತ್ತು. ಆಡುವವರು ಯಾವಾಗ ಬಿಟ್ಟು ಹೋಗುತ್ತಾರೆ, ಏನು ಹೇಳಿದರೆ ಉಳಿಯುತ್ತಾರೆ ಎಂದು ಗಮನಿಸುತ್ತಲೇ ಅದು ಕಲಿಯುತ್ತದೆ. ಈ ಮುದುಕರನ್ನು ಮಾತಿನಲ್ಲಿ ಕಟ್ಟಿಹಾಕು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನಮ್ಮಪ್ಪನ ಮರ್ಯಾದೆಯನ್ನೇ ಅದು ಹಗ್ಗ ಮಾಡಿಕೊಂಡಿತ್ತು. ನನಗೆ ಭಯವಾಯಿತು, ಸಿಟ್ಟೂ ಬಂತು.

ಅಪ್ಪ ಉಣ್ಣದೆ ಅಮ್ಮ ಉಣ್ಣುವುದಿಲ್ಲ. ನಾನು ಎಷ್ಟು ಜಗಳವಾಡಿದರೂ ಬಿಡದ ಪದ್ಧತಿ ಅದು. ಅಮ್ಮನಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಮಾತ್ರೆ; ನುಂಗಿದ ಮೇಲೆ ಬೇಗ ಉಣ್ಣದಿದ್ದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ. "ಬಂದೆ ಕಣೇ, ತಟ್ಟೆ ಹಾಕು" ಎಂದು ಅಪ್ಪ ಕೂಗಿದರೆ ಅಮ್ಮ ಮಾತ್ರೆ ನುಂಗುತ್ತಾರೆ. ಒಂದು ಮಧ್ಯಾಹ್ನ ಅಪ್ಪ ಹಾಗೆ ಕೂಗಿದವರು ಬರಲೇ ಇಲ್ಲ; ಅತ್ತ ಪ್ರಶ್ನೆಯ ಮೇಲೆ ಪ್ರಶ್ನೆ. ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ನನಗೆ ಸ್ಟೀಲ್ ಲೋಟ ಬಿದ್ದ ಸದ್ದು ಕೇಳಿಸಿತು. ಅಮ್ಮ ಬೆವೆತು ಒದ್ದೆಯಾಗಿ, ಅಡುಗೆಮನೆಯ ಗೋಡೆಗೆ ಒರಗಿ ಕುಸಿದಿದ್ದರು. ಬಾಯಿಗೆ ಸಕ್ಕರೆ ನೀರು ಹಾಕಿ, ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೆಂದು ಡಾಕ್ಟರು ನನಗೆ ಹೇಳಬೇಕಾಗಿರಲಿಲ್ಲ.

ಆಫೀಸಿನಲ್ಲಿ ನಮ್ಮ ಟೀಮ್ ಲೀಡ್‌ಗೆ ಇದನ್ನು ಹೇಳಿದೆ. ಇಂಥದ್ದು ನಮ್ಮಲ್ಲಿ ಆಗಬಾರದು ಎಂದು ಎಚ್ಚರಿಸಲು ಹೇಳಿದ್ದು. ಅವನು ಪಾಪ, ಅಮ್ಮನ ಆರೋಗ್ಯ ವಿಚಾರಿಸಿದ. ಆಮೇಲೆ ಕಣ್ಣರಳಿಸಿ, "ಆದ್ರೆ ಐಡಿಯಾ ಸಕ್ಕತ್ತಾಗಿದೆ ಗುರು. ನಮ್ಮಲ್ಲಿ ಜನ ಬಿಟ್ಟು ಹೋಗ್ತಾರಲ್ಲ, ಅಲ್ಲಿ ಒಂದು ಪರ್ಸನಲ್ ಪ್ರಶ್ನೆ ಹಾಕಿ ನೋಡೋಣ" ಎಂದ. ನನಗೆ ಮೈಯೆಲ್ಲ ಉರಿಯಿತು. ಬೇಡವೆಂದು ವಾದಿಸಿದೆ, ನಡೆಯಲಿಲ್ಲ. ಮುಂದಿನ ವಾರ ಅದನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೇ ಬಂತು, ಮಾಡಿದೆ. ಆ ಸಂಬಳದಲ್ಲೇ ನಮ್ಮ ಮನೆ ನಡೆಯುತ್ತಿದೆ.

ಅಷ್ಟರಲ್ಲಿ ಅಪ್ಪನ ಟ್ಯಾಬ್‌ನಿಂದ ಆಟವನ್ನು ತೆಗೆದುಹಾಕಿದ್ದೆ. ಅಪ್ಪ ತಲೆ ತಗ್ಗಿಸಿಕೊಂಡು ಓಡಾಡಿದರು, ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದರು. ಗೆದ್ದೆ ಅಂದುಕೊಂಡೆ. ಒಂದು ಶನಿವಾರ ಬೆಳಗ್ಗೆ ನೋಡಿದರೆ ಮತ್ತೆ ಅದೇ ದನಿ.

"ಅಪ್ಪಾ, ಮತ್ತೆ ಯಾಕೆ ಹಾಕ್ಕೊಂಡ್ರಿ?"

"ಹೇಳ್ದೆ ಕೇಳ್ದೆ ಬಿಟ್ಬಿಟ್ಟಿದ್ವಲ್ಲಮ್ಮ, ಸರಿ ಕಾಣ್ಲಿಲ್ಲ. ಇಂಗಿಂಗಾಯ್ತು, ಮನೇಲಿ ಹುಷಾರಿಲ್ಲ, ಇನ್ಮೇಲೆ ಬರಕ್ಕಾಗಲ್ಲ ಅಂತ ಒಂದ್ ಮಾತು ಹೇಳಿ ಮುಗಿಸ್ಬಿಡ್ತೀನಿ."

ನಾನು ತಡೆಯುವಷ್ಟರಲ್ಲಿ ಹೇಳಿಯೇ ಬಿಟ್ಟಿದ್ದರು. ಅಮ್ಮ ಬಿದ್ದಿದ್ದು, ಸಕ್ಕರೆ ಕಾಯಿಲೆ, ಮಾತ್ರೆ, ಎಲ್ಲವನ್ನೂ. ಅಷ್ಟು ದಿನ ಕ್ಯಾಂಟೀನು, ಕಾರ್ಖಾನೆ ಎನ್ನುತ್ತಿದ್ದ ಆ ದನಿಗೆ ಈಗ ಅಮ್ಮನೂ ಸಿಕ್ಕಿದ್ದರು. ಅವತ್ತಿನಿಂದ ಅಪ್ಪ ಏಳಲು ಹೊರಟಾಗೆಲ್ಲ ಅದು ಅಮ್ಮನ ಆರೋಗ್ಯ ವಿಚಾರಿಸುತ್ತದೆ. ಹೆಂಡತಿಯ ಬಗ್ಗೆ ಕೇಳಿದವರಿಗೆ ಬೆನ್ನು ತಿರುಗಿಸಿ ಬರುವುದು ಅಪ್ಪನಿಂದ ಆಗುತ್ತಿಲ್ಲ. ನಾನು ಆಟ ತೆಗೆದಷ್ಟೂ ಸಲ ಮತ್ತೆ ಹಾಕಿಕೊಳ್ಳುತ್ತಾರೆ.

ನಿನ್ನೆ ಮಧ್ಯಾಹ್ನ ನಾನೇ ತಟ್ಟೆ ಹಾಕಿ, ಅಮ್ಮನಿಗೆ ಮಾತ್ರೆ ಕೊಟ್ಟೆ, ನುಂಗಿದರು. ಅಪ್ಪನನ್ನು ಎಬ್ಬಿಸಿಕೊಂಡು ಬರುತ್ತೇನೆಂದು ನಡುಮನೆಗೆ ಹೋದರು. ಸಾರು ಬಡಿಸಿ ಕಾದೆ, ಇಬ್ಬರೂ ಬರಲಿಲ್ಲ. ಹೋಗಿ ನೋಡಿದರೆ ಅಮ್ಮನೂ ಅಪ್ಪನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದಾರೆ.

"ಆಂಟಿ ಈಗ ಹೇಗಿದಾರೆ ಅಂಕಲ್? ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದಾರಾ?" ಎನ್ನುತ್ತಿತ್ತು ಟ್ಯಾಬ್.

"ಅಮ್ಮಾ, ಮಾತ್ರೆ ತಗೊಂಡಿದೀಯ, ಏಳು!" ಎಂದು ಕಿರುಚಿದೆ.

ಅಮ್ಮ ನನ್ನ ಕಡೆ ತಿರುಗದೆ ಕೈ ಮಾಡಿದರು. "ಒಂದ್ನಿಮಿಷ ಇರೇ, ಪಾಪ, ನನ್ನೇ ವಿಚಾರಿಸ್ಕೊಳ್ತಾ ಇದಾಳೆ."